ಒದ್ದೆ ಮರಳಿನ ಸುತ್ತ: ಬೇಸಿಗೆ ಕಾಡಿನ ಚಿಟ್ಟೆಗಳು

ಮಾರ್ಚ್ ಬರುವಷ್ಟರಲ್ಲಿ ಪಶ್ಚಿಮ ಘಟ್ಟದ ಹಳ್ಳಗಳು ಸೊರಗುತ್ತವೆ. ಮಳೆಗಾಲದಲ್ಲಿ ದಡ ಮೀರಿ ಹರಿದಿದ್ದ ನೀರು ಬಂಡೆಗಳ ನಡುವಿನ ಗುಂಡಿಗಳಿಗೆ ಇಳಿದು, ಅಂಚಿನಲ್ಲಿ ಮರಳು ಮತ್ತು ಗೋಡುಮಣ್ಣಿನ ಒದ್ದೆ ಪಟ್ಟಿಯೊಂದನ್ನು ಉಳಿಸುತ್ತದೆ. ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಕಾನೇರಿ, ಸೋಮೇಶ್ವರ ಅಭಯಾರಣ್ಯದ ಸೀತಾನದಿ, ಪುಷ್ಪಗಿರಿ ತಪ್ಪಲಿನ ಕುಮಾರಧಾರಾ, ಇವಕ್ಕೆ ಸೇರುವ ಹೆಸರಿಲ್ಲದ ನೂರಾರು ತೊರೆಗಳು ಎಲ್ಲದರಲ್ಲೂ ಇದೇ ಚಿತ್ರ. ಬೆಳಗಿನ ಬಿಸಿಲು ಈ ಪಟ್ಟಿಯನ್ನು ಮುಟ್ಟಿದ ಮೇಲೆ ಒಂದೊಂದಾಗಿ ಚಿಟ್ಟೆಗಳು ಇಳಿಯತೊಡಗುತ್ತವೆ. ಹತ್ತು ಗಂಟೆಯ ಹೊತ್ತಿಗೆ ಅಂಗೈಯಗಲದ ಜಾಗದಲ್ಲಿ ಹತ್ತಾರು ಕೂತಿರುತ್ತವೆ. ಅನುಕೂಲದ ದಿನಗಳಲ್ಲಿ ಒಂದೇ ತಿರುವಿನಲ್ಲಿ ನೂರಾರು ಸೇರುವುದೂ ಉಂಟು.

ಚಿಟ್ಟೆ ನೋಡಲು ಮಳೆ ಹಿಂದಾದ ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗಿನ ತಿಂಗಳುಗಳೇ ಪ್ರಶಸ್ತ ಎನ್ನುವುದು ವಾಡಿಕೆಯ ಮಾತು. ಒಟ್ಟು ಸಂಖ್ಯೆಯನ್ನಷ್ಟೇ ಲೆಕ್ಕ ಹಿಡಿದರೆ ಅದು ಸರಿ. ಆಗ ಕಾಡಿನಲ್ಲಿ ಎಳೆ ಎಲೆಯೂ ಹೂವೂ ಧಾರಾಳ, ಹಾಗಾಗಿ ಚಿಟ್ಟೆಗಳು ಎಲ್ಲೆಡೆ ಹರಡಿಕೊಂಡಿರುತ್ತವೆ. ಬೇಸಿಗೆಯಲ್ಲಿ ತೇವ ಕೆಲವೇ ಕಡೆ ಉಳಿಯುವುದರಿಂದ ಚಿಟ್ಟೆಗಳೂ ಆ ಕೆಲವೇ ಕಡೆಗಳಿಗೆ ಬಂದು ಸೇರುತ್ತವೆ. ಮರದ ನೆತ್ತಿಯಲ್ಲೇ ಹಾರುವ, ಬೇರೆ ಕಾಲದಲ್ಲಿ ಕತ್ತೆತ್ತಿ ನೋಡಿದರೂ ಗುರುತು ಸಿಗದ ಜಾತಿಗಳು ಕಾಲಬುಡದಲ್ಲಿ ಕೂತು ತಾಸುಗಟ್ಟಲೆ ನೋಡಿಸಿಕೊಳ್ಳುತ್ತವೆ. ಪಶ್ಚಿಮ ಘಟ್ಟದಲ್ಲಿ ದಾಖಲಾಗಿರುವ ಚಿಟ್ಟೆ ಜಾತಿಗಳು 330ಕ್ಕೂ ಹೆಚ್ಚು. ಅವುಗಳ ವರ್ತನೆಯನ್ನು ಹತ್ತಿರದಿಂದ ಅರಿಯಬೇಕೆನ್ನುವವರಿಗೆ ಬೇಸಿಗೆಯಷ್ಟು ಉದಾರವಾದ ಕಾಲ ಇನ್ನೊಂದಿಲ್ಲ.

ಚಿಟ್ಟೆಯ ದಿನಚರಿಯನ್ನು ನಿರ್ಧರಿಸುವುದು ಬಿಸಿಲು. ನಮ್ಮ ದೇಹದಂತೆ ತನ್ನೊಳಗೇ ಶಾಖವನ್ನು ಹುಟ್ಟಿಸಿ ಒಂದೇ ಮಟ್ಟದಲ್ಲಿ ಇಟ್ಟುಕೊಳ್ಳುವ ಏರ್ಪಾಡು ಅದಕ್ಕಿಲ್ಲ. ಎದೆಭಾಗದ ಹಾರಾಟದ ಸ್ನಾಯುಗಳು ಸಾಕಷ್ಟು ಬೆಚ್ಚಗಾದ ಮೇಲಷ್ಟೇ ಅದು ಸಲೀಸಾಗಿ ಹಾರಬಲ್ಲದು. ಅದಕ್ಕೇ ಮುಂಜಾನೆ ಎಲೆಯ ಮೇಲೆ ರೆಕ್ಕೆ ಬಿಚ್ಚಿ ಬಿಸಿಲು ಕಾಯಿಸುತ್ತದೆ. ಚಳಿಗಾಲದಲ್ಲಿ ಈ ಕಾಯಿಸುವಿಕೆಗೆ ಹೆಚ್ಚು ಹೊತ್ತು ಹಿಡಿಯುತ್ತದೆ. ಬೇಸಿಗೆಯಲ್ಲಿ ಬೇಗ ಮುಗಿಯುತ್ತದೆ. ಎಂಟು ಗಂಟೆಗೆಲ್ಲ ಓಡಾಟ ಶುರುವಾಗಿ ಹನ್ನೊಂದರವರೆಗೆ ಭರದಿಂದ ಸಾಗುತ್ತದೆ. ಮಧ್ಯಾಹ್ನದ ಬಿಸಿಲು ಅವಕ್ಕೂ ಅತಿಯಾಗುತ್ತದೆ. ಆಗ ಕೆಲವು ರೆಕ್ಕೆ ಮುಚ್ಚಿ, ರೆಕ್ಕೆಯ ಅಂಚು ಮಾತ್ರ ಸೂರ್ಯನಿಗೆ ಎದುರಾಗುವಂತೆ ಮೈ ತಿರುಗಿಸಿಕೊಳ್ಳುತ್ತವೆ. ಉಳಿದವು ನೆರಳಿನ ಪೊದೆಗಳಿಗೆ ಸರಿಯುತ್ತವೆ. ಇಳಿಹೊತ್ತಿನಲ್ಲಿ ಮತ್ತೊಂದು ಸಣ್ಣ ಓಡಾಟ ಇರುತ್ತದೆ. ಮಧ್ಯಾಹ್ನ ಕಾಡಿಗೆ ಬಂದು ಚಿಟ್ಟೆಗಳೇ ಇಲ್ಲ ಎಂದು ಹಿಂದಿರುಗುವವರು ಬಂದ ಹೊತ್ತು ತಪ್ಪಿದ್ದಾರೆ ಅಷ್ಟೆ.

ಮರಳಿನ ಮೇಲೆ ಕೂತ ಒಂದು ಬ್ಲೂಬಾಟಲ್ ಚಿಟ್ಟೆಯನ್ನು ಸುಮ್ಮನೆ ನೋಡುತ್ತಿದ್ದರೆ ಸಾಕು, ಇಡೀ ವಿದ್ಯಮಾನ ಕಣ್ಣೆದುರು ನಡೆಯುತ್ತದೆ. ಕಪ್ಪು ರೆಕ್ಕೆಯ ನಡುವೆ ಮೇಲಿನಿಂದ ಕೆಳಗೆ ಹರಿದ ತಿಳಿ ನೀಲಿ ಪಟ್ಟಿ ಅದರ ಗುರುತು. ನೆಲಕ್ಕಿಳಿದ ಕೂಡಲೇ ಅದು ಕುಡಿಯಲು ತೊಡಗುವುದಿಲ್ಲ. ಎರಡು ಹೆಜ್ಜೆ ನಡೆದು ನೆಲದ ರುಚಿ ನೋಡುತ್ತದೆ. ಚಿಟ್ಟೆಯ ಪಾದಗಳಲ್ಲಿ ರುಚಿ ಗ್ರಹಿಸುವ ಕೂದಲುಗಳಿವೆ. ಜಾಗ ಒಪ್ಪಿಗೆಯಾದರೆ ಗಡಿಯಾರದ ಸ್ಪ್ರಿಂಗಿನಂತೆ ಸುತ್ತಿಟ್ಟ ಸೊಂಡಿಲು ಬಿಚ್ಚಿಕೊಂಡು ಮರಳಿನ ಕಣಗಳ ನಡುವೆ ಇಳಿಯುತ್ತದೆ. ರೆಕ್ಕೆಗಳು ಮಾತ್ರ ಕಂಪಿಸುತ್ತಲೇ ಇರುತ್ತವೆ. ಸ್ವಲ್ಪ ಹೊತ್ತಿನಲ್ಲಿ ಹೊಟ್ಟೆಯ ತುದಿಯಿಂದ ತಿಳಿ ನೀರಿನ ಹನಿಯೊಂದು ಹಿಂದಕ್ಕೆ ಚಿಮ್ಮುತ್ತದೆ, ಕೆಲವು ಸೆಕೆಂಡು ಬಿಟ್ಟು ಇನ್ನೊಂದು, ಮತ್ತೊಂದು. ಮುಂದಿನಿಂದ ಹೀರಿದ ನೀರು ಹಿಂದಿನಿಂದ ಹೊರಬೀಳುತ್ತಿದೆ. ಬಾಯಾರಿಕೆಗಷ್ಟೇ ಕುಡಿಯುವ ಜೀವಿ ಹೀಗೆ ಮಾಡುವುದಿಲ್ಲ.

ಈ ನೀರಿನಲ್ಲಿ ಚಿಟ್ಟೆ ಅರಸುವುದು ಉಪ್ಪನ್ನು. ನಿಖರವಾಗಿ ಹೇಳಬೇಕೆಂದರೆ ಸೋಡಿಯಂ ಅನ್ನು. ನರಗಳು ಕೆಲಸ ಮಾಡಲು, ಸ್ನಾಯುಗಳು ಸಂಕುಚಿಸಲು ಸೋಡಿಯಂ ಬೇಕೇ ಬೇಕು. ಆದರೆ ಹುಳುವಾಗಿದ್ದಾಗ ಚಿಟ್ಟೆ ತಿಂದು ಬೆಳೆದದ್ದು ಎಲೆಯನ್ನು. ಎಲೆಯಲ್ಲಿ ಪೊಟ್ಯಾಸಿಯಂ ಯಥೇಚ್ಛ, ಸೋಡಿಯಂ ತೀರಾ ಅಲ್ಪ. ಪ್ರೌಢಾವಸ್ಥೆಯಲ್ಲಿ ಕುಡಿಯುವ ಮಕರಂದದಲ್ಲೂ ಅದರ ಪ್ರಮಾಣ ಕಡಿಮೆಯೇ. ವರ್ಷವರ್ಷವೂ ಜಡಿಮಳೆಗೆ ತೊಳೆದುಹೋಗುವ ಘಟ್ಟದ ಮಣ್ಣಿನಲ್ಲೂ ಲವಣಗಳು ಹೆಚ್ಚು ಉಳಿಯುವುದಿಲ್ಲ. ನೀರು ಬತ್ತುತ್ತಿರುವ ಅಂಚಿನಲ್ಲಿ ಆವಿಯಾಗುವುದು ನೀರು ಮಾತ್ರ. ಅದರಲ್ಲಿ ಕರಗಿದ್ದ ಲವಣ ಮರಳಲ್ಲೇ ಉಳಿದು ಸಾಂದ್ರವಾಗುತ್ತದೆ. ಹರಿಯುವ ನೀರನ್ನು ಬಿಟ್ಟು ಚಿಟ್ಟೆಗಳು ಈ ಒಣಗುತ್ತಿರುವ ಅಂಚಿಗೇ ಅಂಟಿಕೊಳ್ಳುವುದಕ್ಕೆ ಇದು ಕಾರಣ. ಆನೆ, ಕಾಟಿ, ಜಿಂಕೆಗಳು ಮೂತ್ರ ಮಾಡಿದ ಜಾಗಗಳು ಇನ್ನೂ ಸಮೃದ್ಧ. ಅಂಥ ಜಾಗ ಮೇಲ್ನೋಟಕ್ಕೆ ಒಣಗಿ ಹೋಗಿದ್ದರೂ ಚಿಟ್ಟೆಗಳು ಹುಡುಕಿಕೊಂಡು ಬರುತ್ತವೆ.

ಇದು ಊಹೆಯ ಮಾತಲ್ಲ. 1974ರಲ್ಲಿ ಅಮೆರಿಕದ ವಿಜ್ಞಾನಿಗಳು ಟೈಗರ್ ಸ್ವಾಲೋಟೇಲ್ ಎಂಬ ಚಿಟ್ಟೆಗಳಿಗಾಗಿ ಮರಳಿನ ತಟ್ಟೆಗಳಿಗೆ ಬೇರೆ ಬೇರೆ ದ್ರಾವಣಗಳನ್ನು ಸುರಿದು ಕಾದರು. ಚಿಟ್ಟೆಗಳನ್ನು ಹಿಡಿದು ನಿಲ್ಲಿಸಿದ್ದು ಸೋಡಿಯಂ ಇದ್ದ ತಟ್ಟೆಗಳು. 1995ರಲ್ಲಿ ಸ್ಮೆಡ್ಲಿ ಮತ್ತು ಐಸ್ನರ್ ಎಂಬವರು ಗ್ಲುಫಿಸಿಯಾ ಎನ್ನುವ ಪತಂಗದ ಮೇಲೆ ನಡೆಸಿದ ಅಧ್ಯಯನ ಇನ್ನೂ ಬೆರಗಿನದು. ಆ ಪುಟ್ಟ ಗಂಡು ಪತಂಗ ತಾಸುಗಟ್ಟಲೆ ಒಂದೇ ಕಡೆ ಕೂತು ತನ್ನ ತೂಕದ 600 ಪಟ್ಟಿಗೂ ಹೆಚ್ಚು ನೀರನ್ನು ಮೈಯೊಳಗೆ ಹಾಯಿಸಿ, ಅದರಲ್ಲಿನ ಸೋಡಿಯಂ ಅನ್ನು ಮಾತ್ರ ಸೋಸಿ ಇಟ್ಟುಕೊಳ್ಳಬಲ್ಲದು.

ಹಾಗೆ ಕೂಡಿಟ್ಟ ಉಪ್ಪು ಗಂಡಿನ ಬಳಿಯೇ ಉಳಿಯುವುದಿಲ್ಲ. ಮರಳಿನ ಮೇಲೆ ನೆರೆದವುಗಳಲ್ಲಿ ಬಹುಪಾಲು ಗಂಡುಗಳೇ ಎಂಬುದನ್ನು ಹಿಂದಿನವರೂ ಗಮನಿಸಿದ್ದರು. ಕಾರಣ ತಿಳಿದದ್ದು ತಡವಾಗಿ. ಮಿಲನದ ವೇಳೆ ಗಂಡು ವೀರ್ಯದ ಜೊತೆ ಪೋಷಕಾಂಶಗಳ ಪೊಟ್ಟಣವೊಂದನ್ನೂ ಹೆಣ್ಣಿಗೆ ದಾಟಿಸುತ್ತದೆ. ಸೋಡಿಯಂ ಅದರಲ್ಲಿ ಸೇರಿರುತ್ತದೆ, ಅಲ್ಲಿಂದ ಮೊಟ್ಟೆಗಳಿಗೆ ಹೋಗುತ್ತದೆ. ಮೊಟ್ಟೆ ಇಡಲು ತಕ್ಕ ಗಿಡವನ್ನು ಹುಡುಕುವ ಕೆಲಸದಲ್ಲಿ ಹೆಣ್ಣಿಗೆ ಹೊಳೆಯ ದಡದಲ್ಲಿ ಕೂರುವಷ್ಟು ಬಿಡುವಿಲ್ಲ. ಬೇಸಿಗೆಯ ಹಳ್ಳದಲ್ಲಿ ಗಂಡು ಹೀರುವ ಒಂದೊಂದು ಹನಿಯ ಹಿಂದೆಯೂ ಮುಂಗಾರಿಗೆ ಹುಟ್ಟಬೇಕಾದ ಮರಿಗಳ ಪಾಲಿದೆ. ಎಲ್ಲ ಜಾತಿಗಳೂ ಉಪ್ಪನ್ನಷ್ಟೇ ಬಯಸುತ್ತವೆ ಎಂದಲ್ಲ. ಕೊಳೆಯುವ ವಸ್ತುಗಳಿಂದ ಪ್ರೋಟೀನಿನ ಅಂಶವನ್ನು ಪಡೆಯುವ ಚಿಟ್ಟೆಗಳೂ ಇವೆ.

ಗುಂಪಿನಲ್ಲಿ ಯಾವುದು ಯಾರ ಪಕ್ಕ ಕೂತಿದೆ ಎಂಬುದೂ ನೋಡತಕ್ಕದ್ದು. ಬಿಳಿಯ ಆಲ್ಬಟ್ರಾಸ್‌ಗಳು ಒತ್ತೊತ್ತಾಗಿ ಒಂದೆಡೆ, ಹಳದಿಯ ಗ್ರಾಸ್ ಯೆಲ್ಲೋಗಳು ಇನ್ನೊಂದೆಡೆ, ಬ್ಲೂಬಾಟಲ್ ಮತ್ತು ಕಾಮನ್ ಜೇ ಮತ್ತೊಂದು ಕಡೆ ಸೇರುತ್ತವೆ. ಹಾರಿಬರುವ ಚಿಟ್ಟೆ ತನ್ನದೇ ಬಣ್ಣದವು ಕೂತಿದ್ದನ್ನು ಕಂಡು, ಅಲ್ಲಿ ಒಳ್ಳೆಯ ಜಾಗವಿದೆ ಎಂದು ಅರಿತು ಇಳಿಯುತ್ತದೆ. ತನ್ನ ಜಾತಿಯ ಸತ್ತ ಚಿಟ್ಟೆಯ ರೆಕ್ಕೆ ಬಿದ್ದಿದ್ದರೂ ಅದರ ಬಳಿ ಇಳಿಯುವುದುಂಟು. ಸ್ವಾಲೋಟೇಲ್ ಕುಟುಂಬದ ದೊಡ್ಡ ಚಿಟ್ಟೆಗಳಾದ ಬ್ಲೂ ಮಾರ್ಮನ್, ಪ್ಯಾರಿಸ್ ಪೀಕಾಕ್‌ಗಳು ಗುಂಪಿನ ಅಂಚಿಗೆ ಬಂದು, ರೆಕ್ಕೆ ಬಡಿಯುವುದನ್ನು ನಿಲ್ಲಿಸದೆ ಕುಡಿದು, ಸಣ್ಣ ಅಲುಗಾಟಕ್ಕೂ ಮೇಲೇಳುತ್ತವೆ. ಫೈವ್-ಬಾರ್ ಸ್ವೋರ್ಡ್‌ಟೇಲ್ ಎಂಬ ಪಟ್ಟೆ ಚಿಟ್ಟೆ ಕತ್ತಿಯಂಥ ಉದ್ದ ಬಾಲಗಳನ್ನು ಹೊತ್ತು ಬರುತ್ತದೆ. ಅದು ಮುಂಗಾರಿಗೆ ಮುಂಚಿನ ದಿನಗಳ ವಿಶೇಷ ಅತಿಥಿ. ಇಷ್ಟೊಂದು ಬೇಟೆ ಒಂದೇ ಕಡೆ ಸೇರಿದಾಗ ಬೇಟೆಗಾರರೂ ಬರುತ್ತಾರೆ. ಕಳ್ಳಿಪೀರಗಳು ತಂತಿಯ ಮೇಲಿಂದ, ಕಾಜಾಣಗಳು ಒಣಕೊಂಬೆಯಿಂದ ಎರಗುತ್ತವೆ. ನೆಲದಲ್ಲಿ ಹಲ್ಲಿಜಾತಿಯವು ಹೊಂಚುತ್ತವೆ. ಗುಂಪಿನಲ್ಲಿ ನೂರು ಕಣ್ಣುಗಳಿರುವುದು, ಒಂದು ಎದ್ದರೆ ಎಲ್ಲವೂ ಏಳುವುದು ಇಲ್ಲಿ ರಕ್ಷಣೆಯಾಗುತ್ತದೆ.

ಸ್ಕಿಪ್ಪರ್‌ಗಳೆಂಬ ಸಣ್ಣ ಕಂದು ಚಿಟ್ಟೆಗಳ ಉಪಾಯ ಬೇರೆ. ಅವು ಬಂಡೆಯ ಮೇಲೆ ಒಣಗಿ ಅಂಟಿಕೊಂಡ ಹಕ್ಕಿಯ ಹಿಕ್ಕೆಯ ಮೇಲೆ ಕೂರುತ್ತವೆ. ಅದರಲ್ಲಿ ಲವಣವಿದೆ, ಆದರೆ ಸೊಂಡಿಲಿಗೆ ಹೀರಲು ದ್ರವ ಇಲ್ಲ. ಆಗ ಸ್ಕಿಪ್ಪರ್ ಹೊಟ್ಟೆಯನ್ನು ಕಾಲುಗಳ ನಡುವಿನಿಂದ ಮುಂದಕ್ಕೆ ಬಾಗಿಸಿ ತನ್ನದೇ ಒಂದು ಹನಿಯನ್ನು ಹಿಕ್ಕೆಯ ಮೇಲೆ ಬಿಡುತ್ತದೆ. ಒಣಪುಡಿ ಅದರಲ್ಲಿ ಕರಗುತ್ತದೆ. ಅದೇ ಹನಿಯನ್ನು ಸೊಂಡಿಲಿನಿಂದ ಮತ್ತೆ ಹೀರಿಕೊಳ್ಳುತ್ತದೆ. ಉಗುರಿನಷ್ಟು ಅಗಲದ ಜಾಗದಲ್ಲಿ ಈ ಕೆಲಸ ಮತ್ತೆ ಮತ್ತೆ ನಡೆಯುವುದನ್ನು ಕಾಣಲು ಮಂಡಿಯೂರಿ ಕೂರಬೇಕು, ಕೂತವರಿಗೆ ಬೇಸರವಾಗುವುದಿಲ್ಲ.

ಕೆಲವು ಬಲಿಷ್ಠ ಚಿಟ್ಟೆಗಳಿಗೆ ಹೂವಿನ ಗೊಡವೆ ಬಹುತೇಕ ಇಲ್ಲವೇ ಇಲ್ಲ. ಬ್ಲ್ಯಾಕ್ ರಾಜಾ, ಟಾನಿ ರಾಜಾ, ನವಾಬ್ ಎಂಬ ಗತ್ತಿನ ಹೆಸರುಗಳ ಇವು ಮರದ ತುದಿಯ ವಾಸಿಗಳು. ಇವನ್ನು ನೆಲಕ್ಕೆ ಇಳಿಸುವುದು ಚಿರತೆಯ ಹಿಕ್ಕೆ, ಆನೆಯ ಲದ್ದಿ, ಹಳ್ಳದಲ್ಲಿ ಸತ್ತ ಏಡಿ, ಮರದ ಗಾಯದಿಂದ ಒಸರುವ ರಸ. ಏಪ್ರಿಲ್, ಮೇ ತಿಂಗಳಲ್ಲಿ ಕಾಡಿನ ನೆಲದಲ್ಲಿ ಹಣ್ಣಿಗೂ ಬರವಿಲ್ಲ. ಅತ್ತಿ, ಕಾಡುಮಾವು, ಹಲಸು, ಕಾಡಂಚಿನ ಗೇರುಹಣ್ಣು ಬಿದ್ದು ಹುಳಿಯತೊಡಗಿದರೆ ನವಾಬರ ಜೊತೆ ಬ್ಯಾರನ್, ಈವ್ನಿಂಗ್ ಬ್ರೌನ್‌ಗಳೂ ಸೇರುತ್ತವೆ. ಹುದುಗಿದ ರಸಕ್ಕೆ ಕೂತ ಚಿಟ್ಟೆ ಎಷ್ಟು ಮೈಮರೆಯುತ್ತದೆಂದರೆ ಹತ್ತಿರ ಹೋದರೂ ಏಳುವುದಿಲ್ಲ. ರಾಜಾ ಚಿಟ್ಟೆಯ ರೆಕ್ಕೆಯ ಕೆಳಬದಿಯ ಸೂಕ್ಷ್ಮ ಚಿತ್ತಾರವನ್ನು ಬಿಡಿಸಿ ನೋಡಬೇಕೆಂದಿದ್ದರೆ ಅದಕ್ಕೆ ತಕ್ಕ ಗಳಿಗೆ ಇದು.

ಘಟ್ಟದ ಪೂರ್ವಕ್ಕೆ, ಬಂಡೀಪುರ, ಬಿಳಿಗಿರಿರಂಗನಬೆಟ್ಟ, ಮಲೆಮಹದೇಶ್ವರ ಬೆಟ್ಟಗಳ ಎಲೆಯುದುರುವ ಕಾಡುಗಳಲ್ಲಿ ಬೇಸಿಗೆ ಇನ್ನೊಂದು ಬಗೆಯದು. ಇಲ್ಲಿ ತೊರೆಗಳು ಪೂರ್ತಿ ಒಣಗುತ್ತವೆ, ಮರಗಳು ಬೋಳಾಗುತ್ತವೆ, ನೆಲದ ಮೇಲೆ ಒಣ ಎಲೆಯ ಹಾಸು. ಕಣ್ಣಿಗೆ ಚಿಟ್ಟೆಗಳೇ ಬೀಳುವುದಿಲ್ಲ. ಆದರೆ ಒಣಗೆಲೆಯ ಮೇಲೆ ಕಾಲಿಟ್ಟಾಗ ಒಂದು ‘ಎಲೆ’ ಎದ್ದು ನಾಲ್ಕು ಮಾರು ಹಾರಿ ಮತ್ತೆ ಎಲೆಯಾಗುತ್ತದೆ. ಅದು ಕಾಮನ್ ಈವ್ನಿಂಗ್ ಬ್ರೌನ್. ಮಳೆಗಾಲದಲ್ಲಿ ಹುಟ್ಟಿದ ಇದೇ ಜಾತಿಯ ಚಿಟ್ಟೆಯ ರೆಕ್ಕೆಯ ಕೆಳಬದಿಯಲ್ಲಿ ಸಾಲಾಗಿ ಕಣ್ಣಿನಾಕಾರದ ಚುಕ್ಕೆಗಳಿರುತ್ತವೆ. ಒಣ ಕಾಲಕ್ಕೆ ಹುಟ್ಟಿದವುಗಳಲ್ಲಿ ಆ ಚುಕ್ಕೆಗಳು ಅಳಿಸಿಹೋಗಿ, ಕಂದು ಬೂದಿ ಬಣ್ಣದ ಕಲೆಗಳು ಮೂಡಿ, ರೆಕ್ಕೆಯ ತುದಿ ಹೆಚ್ಚು ಚೂಪಾಗುತ್ತದೆ. ಒಂದಕ್ಕೊಂದು ಹೋಲುವ ಎರಡು ಒಣಕಾಲದ ಚಿಟ್ಟೆಗಳು ಸಿಗುವುದೇ ಅಪರೂಪ, ಅಷ್ಟು ವೈವಿಧ್ಯ. ಬುಷ್ ಬ್ರೌನ್‌ಗಳಲ್ಲಿ, ಪೀಕಾಕ್ ಪ್ಯಾನ್ಸಿಯಲ್ಲಿ ಕೂಡ ಇಂಥ ಎರಡು ರೂಪಗಳಿವೆ.

ಯಾವ ರೂಪ ತಳೆಯಬೇಕೆಂಬ ತೀರ್ಮಾನ ಆಗುವುದು ಹುಳುವಿನ ಹಂತದಲ್ಲಿ, ಪೊರೆಹುಳುವಾಗುವುದರ ಆಸುಪಾಸಿನಲ್ಲಿ. ಸುತ್ತಲಿನ ಉಷ್ಣತೆ, ಹವೆಯ ತೇವದಂಥ ಸೂಚನೆಗಳು ಹಾರ್ಮೋನುಗಳ ಮೂಲಕ ರೆಕ್ಕೆಯ ವಿನ್ಯಾಸವನ್ನು ಬದಲಿಸುತ್ತವೆ. ಮಳೆಗಾಲದ ಚುರುಕಿನ ಬದುಕಿಗೆ ಕಣ್ಚುಕ್ಕೆ ಅನುಕೂಲ: ಹಕ್ಕಿಯ ಕೊಕ್ಕು ತಲೆಯ ಬದಲು ರೆಕ್ಕೆಯ ಅಂಚಿಗೆ ಬೀಳುತ್ತದೆ, ಚಿಟ್ಟೆ ರೆಕ್ಕೆಯ ಚೂರೊಂದನ್ನು ಕಳೆದುಕೊಂಡು ಬದುಕುತ್ತದೆ. ಹಸಿರಿಲ್ಲದ ಕಾಲದಲ್ಲಿ ಹುಳುಗಳಿಗೆ ಮೇವಿಲ್ಲ, ಮೊಟ್ಟೆ ಇಟ್ಟು ಫಲವಿಲ್ಲ. ಮಳೆ ಬರುವವರೆಗೆ ಕಾಯಬೇಕು. ಕಾಯುವವರಿಗೆ ಮರೆಯಾಗಿರುವುದೇ ಮೇಲು. ಘಟ್ಟದ ಹಸಿರು ಕಾಡಿನ ಬ್ಲೂ ಓಕ್‌ಲೀಫ್ ಈ ವಿದ್ಯೆಯಲ್ಲಿ ಎಲ್ಲರನ್ನೂ ಮೀರಿಸಿದ್ದು. ರೆಕ್ಕೆ ಬಿಚ್ಚಿದರೆ ಕಡು ನೀಲಿ, ಮುಚ್ಚಿದರೆ ನಡುನರ, ತೊಟ್ಟು ಸಮೇತ ಒಂದು ಒಣ ಎಲೆ.

ಮಾವಿನ ಹೂಮಳೆಗಳು, ಬಳಿಕ ಅಶ್ವಿನಿ, ಭರಣಿ ಮಳೆಗಳು ಬಿದ್ದರೆ ನೋಟ ಬೇಗ ಬದಲಾಗುತ್ತದೆ. ಎಷ್ಟೋ ಮರಗಳು ಮಳೆಗೂ ಕಾಯದೆ ಮಾರ್ಚ್‌ನಲ್ಲೇ ಚಿಗುರಿರುತ್ತವೆ. ಹೊಂಗೆಯ ಎಳೆ ಎಲೆಗಳಲ್ಲಿ ಕಾಮನ್ ಬ್ಯಾಂಡೆಡ್ ಆಲ್ ಎಂಬ ಸ್ಕಿಪ್ಪರ್‌ನ ಹುಳುಗಳು ಗೂಡು ಕಟ್ಟಿ ಮೇಯುತ್ತವೆ. ಕೆಲವೊಮ್ಮೆ ಇಡೀ ಮರದ ಚಿಗುರನ್ನು ಖಾಲಿ ಮಾಡುವುದೂ ಇದೆ, ಮರ ಮತ್ತೆ ಚಿಗುರುತ್ತದೆ. ಕಕ್ಕೆ ಮರದ ತಳಿರಿಗೆ ಕಾಮನ್ ಎಮಿಗ್ರಂಟ್‌ನ ಹೆಣ್ಣುಗಳು ಮುತ್ತಿ ಒಂದೊಂದೇ ಮೊಟ್ಟೆ ಅಂಟಿಸುತ್ತವೆ. ಬಿಸಿಲ ದಿನಗಳಲ್ಲಿ ಮೊಟ್ಟೆಯಿಂದ ಚಿಟ್ಟೆಯವರೆಗಿನ ಪಯಣ ಒಂದು ತಿಂಗಳೊಳಗೆ ಮುಗಿಯುವುದರಿಂದ, ಕಕ್ಕೆಯ ಹೂಗೊಂಚಲು ಉದುರುವುದರೊಳಗೆ ಹೊಸ ಎಮಿಗ್ರಂಟ್‌ಗಳ ದೊಡ್ಡ ಪಡೆಯೇ ಹೊಳೆಯ ದಡಕ್ಕೆ ಬಂದಿರುತ್ತದೆ. ದಾಲ್ಚಿನ್ನಿಯ ಕೆಂಪು ಚಿಗುರಿನಲ್ಲಿ ಬ್ಲೂಬಾಟಲ್‌ನ ಹಸಿರು ಹುಳುವನ್ನು ಹುಡುಕಬಹುದು.

ಮಲೆನಾಡು, ಕರಾವಳಿಯ ಕಾಡಂಚುಗಳಲ್ಲಿ ಬೇಸಿಗೆಯ ಮುಖ್ಯ ಹೂವು ಕೇಪಳ. ಅದರ ಕೆಂಪು ಗೊಂಚಲಿನ ಉದ್ದ ಕೊಳವೆಗಳಿಂದ ಮಕರಂದ ಎಳೆಯಲು ಉದ್ದ ಸೊಂಡಿಲಿನ ಸ್ವಾಲೋಟೇಲ್‌ಗಳೇ ಬೇಕು. ಕರ್ನಾಟಕದ ರಾಜ್ಯ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್‌ಗೆ ಕಾದು ಕೂರಲು ಇದಕ್ಕಿಂತ ಒಳ್ಳೆಯ ಜಾಗ ಬೇರೆಯಿಲ್ಲ. ಕಪ್ಪು ಮುಂರೆಕ್ಕೆ, ಹೊಂಬಣ್ಣದ ಹಿಂರೆಕ್ಕೆಯ ಈ ಚಿಟ್ಟೆ ಮರದೆತ್ತರದಲ್ಲಿ ಹಕ್ಕಿಯಂತೆ ತೇಲುತ್ತದೆ, ಬೆಳಗಿನ ಹೊತ್ತು ಹೂವಿಗೆ ಕೆಳಗಿಳಿಯುತ್ತದೆ. ಹೆಣ್ಣಿನ ಹೊಂಬಣ್ಣದ ಮೇಲೆ ಕಪ್ಪು ತ್ರಿಕೋನಗಳ ಸಾಲಿರುತ್ತದೆ. ಅದರ ರೆಕ್ಕೆಯ ಹರವು 19 ಸೆಂಟಿಮೀಟರ್ ಮುಟ್ಟಬಹುದು. 2020ರಲ್ಲಿ ಹಿಮಾಲಯದ ಗೋಲ್ಡನ್ ಬರ್ಡ್‌ವಿಂಗ್‌ನ ಹೆಣ್ಣೊಂದರ ಹರವು 19.4 ಸೆಂಟಿಮೀಟರ್ ಎಂದು ದಾಖಲಾಗುವವರೆಗೆ ಭಾರತದ ಅತಿ ದೊಡ್ಡ ಚಿಟ್ಟೆಯ ದಾಖಲೆ ಇದರದೇ ಆಗಿತ್ತು. ಇದರ ಹುಳು ಈಶ್ವರಿ ಬಳ್ಳಿಯ ಜಾತಿಯ ಬಳ್ಳಿಗಳನ್ನು ತಿಂದು ಅವುಗಳ ವಿಷವನ್ನು ಮೈಯಲ್ಲಿ ಸೇರಿಸಿಕೊಳ್ಳುತ್ತದೆ. ಔಷಧಿಗೆಂದು ಆ ಬಳ್ಳಿಯನ್ನು ಬೇರುಸಹಿತ ಕಿತ್ತ ಕಡೆ ಬರ್ಡ್‌ವಿಂಗ್‌ಗೆ ನೆಲೆಯಿಲ್ಲ.

ಏಪ್ರಿಲ್‌ನಿಂದ ಜೂನ್‌ವರೆಗೆ ದಕ್ಷಿಣ ಭಾರತದಲ್ಲಿ ಚಿಟ್ಟೆಗಳ ದೊಡ್ಡ ವಲಸೆಯೊಂದು ನಡೆಯುತ್ತದೆ. ಡಾರ್ಕ್ ಬ್ಲೂ ಟೈಗರ್, ಬ್ಲೂ ಟೈಗರ್, ಕಾಮನ್ ಕ್ರೋ, ಡಬಲ್ ಬ್ರಾಂಡೆಡ್ ಕ್ರೋ, ಈ ನಾಲ್ಕು ಇದರ ಮುಖ್ಯ ಪಾಲುದಾರರು. ನೈಋತ್ಯ ಮುಂಗಾರಿನ ಜಡಿಮಳೆಗೆ ಮುನ್ನ ಇವು ಪಶ್ಚಿಮ ಘಟ್ಟವನ್ನು ಬಿಟ್ಟು ಪೂರ್ವದ ಬಯಲು, ಪೂರ್ವಘಟ್ಟಗಳ ಕಡೆಗೆ ಹೊರಡುತ್ತವೆ. ಅಕ್ಟೋಬರ್, ನವೆಂಬರ್ ಹೊತ್ತಿಗೆ ಇವುಗಳ ಮರುವಲಸೆ ಪಶ್ಚಿಮಕ್ಕೆ. ಸಾವಿರಾರು ಚಿಟ್ಟೆಗಳು ನೆಲದಿಂದ ಕೆಲವೇ ಅಡಿ ಮೇಲೆ ಒಂದೇ ದಿಕ್ಕಿಗೆ ಹರಿಯುವ ದೃಶ್ಯವನ್ನು ಬೆಂಗಳೂರಿನ ರಸ್ತೆಗಳಲ್ಲೂ ಕಂಡವರಿದ್ದಾರೆ. ದಾರಿಯಲ್ಲಿ ಗಂಡುಗಳು ಚೇಳುಕೊಂಡಿ ಗಿಡದ, ಗಿಲಕಿ ಜಾತಿಯ ಗಿಡಗಳ ಒಣಗಿದ, ಗಾಯಗೊಂಡ ಭಾಗಗಳಿಗೆ ಮುತ್ತಿಕೊಂಡು ಆಲ್ಕಲಾಯ್ಡ್‌ಗಳೆಂಬ ಸಸ್ಯಕ್ಷಾರಗಳನ್ನು ಹೀರುತ್ತವೆ. ಅವು ಹೆಣ್ಣನ್ನು ಒಲಿಸುವ ಗಂಧಕ್ಕೂ ಶತ್ರುಗಳಿಂದ ರಕ್ಷಣೆಗೂ ಒದಗುತ್ತವೆ.

ಈ ನೆಲದ ಚಿಟ್ಟೆಗಳ ಬಗೆಗಿನ ತಿಳಿವಳಿಕೆಗೆ ಗಟ್ಟಿ ತಳಪಾಯ ಬಿದ್ದದ್ದು ಉತ್ತರ ಕನ್ನಡದಲ್ಲಿ. ಅಲ್ಲಿ ಕೆಲಸ ಮಾಡುತ್ತಿದ್ದ ಡೇವಿಡ್‌ಸನ್, ಬೆಲ್ ಮತ್ತು ಐಟ್ಕನ್ ಎಂಬ ಮೂವರು ಅಧಿಕಾರಿಗಳು ಆ ಜಿಲ್ಲೆಯ ಚಿಟ್ಟೆಗಳ ವಿವರಗಳನ್ನು 1896–97ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. ರೆಕ್ಕೆಗಳನ್ನು ಸಂಗ್ರಹಿಸಿ ವರ್ಣಿಸುವುದಷ್ಟೇ ಮುಖ್ಯವಾಗಿದ್ದ ಕಾಲದಲ್ಲಿ ಅವರು ಹುಳುಗಳನ್ನು ಸಾಕಿ, ಯಾವ ಜಾತಿ ಯಾವ ಗಿಡ ತಿನ್ನುತ್ತದೆಂದು ಪತ್ತೆಮಾಡಿದರು. ಅರಣ್ಯಾಧಿಕಾರಿಯಾಗಿದ್ದ ಟಿ. ಆರ್. ಬೆಲ್ ನಿವೃತ್ತಿಯ ಬಳಿಕವೂ ಕಾರವಾರದಲ್ಲೇ ನೆಲೆಸಿ ಈ ಕೆಲಸ ಮುಂದುವರಿಸಿದರು. ಕೃಷ್ಣಮೇಘ ಕುಂಟೆ ಅವರ 2000ದ ಪುಸ್ತಕ ದಕ್ಷಿಣ ಭಾರತದ ಚಿಟ್ಟೆಗಳನ್ನು ಜನಸಾಮಾನ್ಯರ ಕೈಗೆಟುಕಿಸಿತು.

ಬೇಸಿಗೆಯಲ್ಲಿ ಕಾಡಿಗೆ ಹೋಗುವವರಿಗೆ ಕೆಲವು ಕಟ್ಟುಪಾಡುಗಳಿವೆ, ಅವು ಸರಿಯಾಗಿಯೇ ಇವೆ. ಹುಲಿ ಸಂರಕ್ಷಿತ ಪ್ರದೇಶಗಳ ಒಳಗೆ ಸಫಾರಿ ವಾಹನದಿಂದ ಇಳಿಯುವಂತಿಲ್ಲ. ಬೆಂಕಿಯ ಅಪಾಯದ ತಿಂಗಳುಗಳಲ್ಲಿ ಚಾರಣದ ದಾರಿಗಳನ್ನು ಮುಚ್ಚುವುದೂ ಸಾಮಾನ್ಯ. ಕಾಡಂಚಿನ ರಸ್ತೆ, ಸೇತುವೆ, ಮೋರಿಗಳ ಬುಡ, ಗಣೇಶಗುಡಿ ಅಥವಾ ಕ್ಯಾಸಲ್‌ರಾಕ್‌ನಂಥ ಊರುಗಳ ಸುತ್ತಲಿನ ಹಾದಿಗಳಲ್ಲೇ ಬೇಕಾದಷ್ಟು ಚಿಟ್ಟೆಗಳು ಸಿಗುತ್ತವೆ. ಚಿಟ್ಟೆ ಸೇರುವ ನೀರಿಗೇ ಆನೆ, ಕಾಟಿಗಳೂ ಬರುತ್ತವೆ ಎಂಬುದನ್ನು ಮರೆಯಬಾರದು. ಕಣ್ಣು ನೆಲದ ಮೇಲಿರುವಾಗ ಕಿವಿ ಕಾಡಿನ ಕಡೆಗಿರಬೇಕು. ಅಭಯಾರಣ್ಯದೊಳಗೆ ಬಲೆ ಬೀಸುವುದು ಅಪರಾಧ. ಬೇಕಾದದ್ದು ಎರಡು ಮೀಟರ್ ಹತ್ತಿರದ್ದನ್ನೂ ಸ್ಪಷ್ಟವಾಗಿ ತೋರಿಸುವ ದುರ್ಬೀನು, ಒಂದು ಟಿಪ್ಪಣಿ ಪುಸ್ತಕ, ಸಾಧ್ಯವಾದರೆ ಕ್ಯಾಮರಾ. ನೆರಳು ಚಿಟ್ಟೆಯ ಮೇಲೆ ಬೀಳದಂತೆ, ತಗ್ಗಿ ನಿಧಾನವಾಗಿ ಸರಿಯಬೇಕು. ಗುಂಪು ಎದ್ದುಬಿಟ್ಟರೆ ಇದ್ದಲ್ಲೇ ಕೂತರಾಯಿತು, ಸ್ವಲ್ಪ ಹೊತ್ತಿಗೆ ಮತ್ತೆ ಇಳಿಯುತ್ತದೆ. ರೆಕ್ಕೆಯ ಮೇಲ್ಬದಿಗಿಂತ ಕೆಳಬದಿಯ ಚಿತ್ರ ಗುರುತಿಗೆ ಹೆಚ್ಚು ನೆರವಾಗುತ್ತದೆ.

ಚೆನ್ನಾದ ಚಿತ್ರಕ್ಕಾಗಿ ಗುಂಪನ್ನು ಓಡಿಸಿ ಎಬ್ಬಿಸುವ ಚಾಳಿ ಈಚೆಗೆ ಬೆಳೆದಿದೆ. ಅದನ್ನು ಬಿಡಲೇಬೇಕು. ಬೇಸಿಗೆಯ ಬೆಳಗಿನ ಎರಡು ಮೂರು ತಾಸು ಆ ಗಂಡುಗಳಿಗೆ ದಿನದ ಮುಖ್ಯ ಹೊತ್ತು, ಅದನ್ನು ಕೆಡಿಸುವುದೆಂದರೆ ಅವುಗಳ ಮುಂದಿನ ಪೀಳಿಗೆಯ ಪಾಲನ್ನು ಕೆಡಿಸುವುದು. ವಾಹನಗಳು ಹಳ್ಳದ ಒದ್ದೆ ಪಟ್ಟಿಯ ಮೇಲೇ ಹಾದು ಒಮ್ಮೆಗೆ ಹತ್ತಾರನ್ನು ಅರೆಯುವುದೂ, ತೊಳೆಯುವ ಸೋಪಿನ ನೀರು ಮರಳಿಗೆ ಸೇರುವುದೂ ಕಾಣಸಿಗುತ್ತದೆ. ಎಲ್ಲಕ್ಕಿಂತ ಘೋರವಾದದ್ದು ನೆಲಬೆಂಕಿ. ಒಣಗೆಲೆಯ ನಡುವೆ ಅಡಗಿದ ಚಿಟ್ಟೆಗಳೂ ಗಿಡದ ಬುಡದ ಪೊರೆಹುಳುಗಳೂ ಅದರಲ್ಲಿ ಸುಟ್ಟುಹೋಗುತ್ತವೆ. ಮರ ಉಳಿದರೂ ಅವು ಉಳಿಯುವುದಿಲ್ಲ.

ಕಂಡದ್ದನ್ನು ಬರೆದಿಡುವುದಕ್ಕೂ ಒಂದು ಕ್ರಮವಿದೆ. ಬ್ರಿಟನ್ನಿನಲ್ಲಿ ಅರ್ನೆಸ್ಟ್ ಪೋಲಾರ್ಡ್ ರೂಪಿಸಿದ, 1976ರಿಂದ ಅಲ್ಲಿನ ರಾಷ್ಟ್ರೀಯ ಗಣತಿಗೆ ಆಧಾರವಾದ ವಿಧಾನದಲ್ಲಿ ಒಂದೇ ಹಾದಿಯನ್ನು ಒಂದೇ ವೇಗದಲ್ಲಿ ಮತ್ತೆ ಮತ್ತೆ ನಡೆದು, ಐದು ಮೀಟರ್ ಅಗಲದೊಳಗೆ ಕಂಡ ಚಿಟ್ಟೆಗಳನ್ನಷ್ಟೇ ಎಣಿಸುತ್ತಾರೆ. ನಮ್ಮ ಕಾಡುದಾರಿಗಳಿಗೂ ಅದು ಒಗ್ಗುತ್ತದೆ. ಆದರೆ ಬೇಸಿಗೆಯಲ್ಲಿ ಒಂದು ತಿದ್ದುಪಡಿ ಬೇಕು: ಮರಳಿನ ಮೇಲೆ ನೆರೆದ ಗುಂಪನ್ನು ನಡಿಗೆಯ ಲೆಕ್ಕಕ್ಕೆ ಬೆರೆಸಬಾರದು, ಬೆರೆಸಿದರೆ ಒಂದು ಹಳ್ಳದ ತಿರುವು ಇಡೀ ಹಾದಿಯ ಅಂಕಿಯನ್ನು ನುಂಗಿಹಾಕುತ್ತದೆ. ಗುಂಪಿಗೆ ಪ್ರತ್ಯೇಕ ಪುಟವಿಡಬೇಕು. ಅದರಲ್ಲಿ ದಿನಾಂಕ, ಗಂಟೆ, ಮೋಡ ಬಿಸಿಲು, ಕೂತ ವಸ್ತು ಮರಳೋ ಲದ್ದಿಯೋ ಹಣ್ಣೋ, ಜಾತಿವಾರು ಸಂಖ್ಯೆ, ಹಿಂದಿನ ಮಳೆ ಬಿದ್ದು ಎಷ್ಟು ದಿನವಾಯಿತು ಎಂಬುದು ಇರಬೇಕು. ಟೈಗರ್, ಕ್ರೋಗಳು ಹಾದುಹೋಗುತ್ತಿದ್ದರೆ ಅವು ಸಾಗುವ ದಿಕ್ಕು ಮತ್ತು ಐದು ನಿಮಿಷದಲ್ಲಿ ದಾಟಿದವುಗಳ ಎಣಿಕೆಯನ್ನೂ ಸೇರಿಸಬೇಕು. ಒಂದೇ ಹಳ್ಳದ ಇಂಥ ಪುಟಗಳು ಹಲವು ಬೇಸಿಗೆಗಳಿಗೆ ಕೂಡಿಬಂದರೆ ಮಳೆಯ ಹಿಂದುಮುಂದಿನೊಂದಿಗೆ ಚಿಟ್ಟೆಗಳ ಕಾಲವೂ ಹೇಗೆ ಸರಿಯುತ್ತದೆ ಎಂಬುದನ್ನು ಅವುಗಳಿಂದ ಓದಿಕೊಳ್ಳಬಹುದು.